ಕಿತ್ತಳೆ ವೀರೆಯ ಕತ್ತಿನ ಪಟ್ಟಿ

ಮೂಗಿನ ತುದಿಗೆ ಬಂದು ನಿಂತ ಬೆವರಿನ ಹನಿ ಬೀಳುತ್ತಲೂ ಇಲ್ಲ, ಒರೆಸೋಣವೆಂದರೆ ಕೈಗೂ ಮೂಗಿಗೂ ನಡುವೆ ಟೀವಿ ಕಾರ್ಟೂನಿನ ಕಿತ್ತಳೆ ವೀರೆಯ ಮುಖವಾಡ, ಅದರ ಮುಗುಳ್ನಗೆಯ ಹಿಂದೆ ನಲವತ್ತಮೂರು ವರ್ಷದ ಮಸಾಫುಮಿ, ಬೆಳಿಗ್ಗೆ ಗಡ್ಡ ಯಾಕೆ ಬೋಳಿಸಿಕೊಂಡನೋ, ಯಾರು ನೋಡುತ್ತಾರೆ — ಜಪಾನಿನ ಓಮಿಯಾದ ಈ ದೊಡ್ಡ ಅಂಗಡಿಯ ತಾರಸಿಯ ಮೇಲೆ ಆಗಸ್ಟ್ ಬಿಸಿಲು, ಸ್ಪೀಕರಿನಲ್ಲಿ ವೀರೆಗೆಂದು ಮುದ್ರಿಸಿಟ್ಟ ಇಪ್ಪತ್ತರ ಹುಡುಗಿಯ ದನಿ, ದುಷ್ಟರೇ, ನಿಮ್ಮ ಸಿಪ್ಪೆ ಸುಲಿದುಬಿಟ್ಟೇನು, ಅದಕ್ಕೆ ತಕ್ಕಂತೆ ಸೊಂಟ ಬಳುಕಿಸಬೇಕು, ಬಳುಕಿಸಿದ, ಕತ್ತಿನಲ್ಲಿ ಕಳಕ್ ಎಂದಿತು, ಹೊಟ್ಟೆಪಾಡಿಗೆ ಹತ್ತು ವೇಷ ಅನ್ನುತ್ತಾರೆ, ಇವನ ಪಾಲಿಗೆ ಬಂದದ್ದು ಲಂಗದ್ದು. ಮಂತ್ರದಂಡ ಎದೆಯ ಮಟ್ಟಕ್ಕೆ, ಬೆರಳು ಗುಂಡಿಗೆ ಅಡ್ಡ ಬರಬಾರದು, ಆಟಿಕೆ ಕಂಪನಿಯವರು ತಾಲೀಮಿನಲ್ಲಿ ಹತ್ತು ಸಲ ಹೇಳಿದ್ದಾರೆ, ನೀವು ಬಿದ್ರೂ ಪರವಾಗಿಲ್ಲ ಮಸಾಫುಮಿಯವರೇ, ದಂಡ ಕಾಣ್ಬೇಕು — ಒತ್ತಿದರೆ ಬೆಳಕು, ಜೊತೆಗೆ ಪುಸ್ ಅಂತ ಕಿತ್ತಳೆಯ ಪರಿಮಳ, ಮನೆಯಲ್ಲೂ ಇಂಥದೇ ಒಂದು, ಸುಜುನೆ ಒತ್ತಿ ಒತ್ತಿ ಮಿಸೊ ಸಾರೂ ಕಿತ್ತಳೆ ಕಿತ್ತಳೆ. ಸುಜುನೆ, ಐದು ವರ್ಷದ ಮಗಳು, ಅಪ್ಪನ ಕತ್ತಿಗೆ ಕರ್ಪೂರ ಹಾಕಿದ ನೋವಿನ ಪಟ್ಟಿ ಅಂಟಿಸುವುದು ಅವಳದೇ ಹಕ್ಕು, ಇವತ್ತೂ ಸೊಟ್ಟಗೆ ಅಂಟಿಸಿ, ಪುಟ್ಟ ಅಂಗೈಯಿಂದ ಎರಡು ಸಲ ತಟ್ಟಿ, ನೋವೇ ನೋವೇ ಹಾರಿಹೋಗು, ಆಮೇಲೆ ಮೂಗು ಹಿಡಿದುಕೊಂಡು, ಥೂ ಅಪ್ಪ, ನಾರ್ತೀಯ, ಕಿತ್ತಳೆ ವೀರೆ ನಿನ್ ಥರ ಅಲ್ಲ, ಅವಳು ಯಾವಾಗ್ಲೂ ಘಮಘಮ. ಹೌದಮ್ಮ, ಅಂದಿದ್ದ. ಅಪ್ಪ ಗೋದಾಮಿನಲ್ಲಿ ಡಬ್ಬ ಹೊರುತ್ತಾನೆ ಎಂದು ಅವಳು ನಂಬಿದ್ದಾಳೆ, ಮೂರು ವರ್ಷದ ಸುಳ್ಳು, ವೇಷದೊಳಗೆ ಯಾರೂ ಇಲ್ಲ ಎನ್ನುವುದೇ ಈ ಕಸುಬಿನ ಮೊದಲ ಪಾಠ, ಇವನ ಗುರುಗಳು ಮುಖವಾಡದೊಳಗೇ ವಾಂತಿ ಮಾಡಿಕೊಂಡು ಹೊರಗೆ ಮಕ್ಕಳಿಗೆ ಕೈ ಬೀಸಿದವರು.

ಆಟ ಮುಗಿಯಿತು, ಈಗ ಕೈಕುಲುಕುವ ಸಾಲು, ಕಣ್ಣಿನ ತೂತಿನಲ್ಲಿ ಕಾಣುವುದೇ ಒಂದು ಗೇಣು, ಆ ಗೇಣಿನೊಳಗೆ ಹೆಂಡತಿ ಚಿಗುಸಾ — ಅಜ್ಜಿ ಮನೆಗೆ ಹೋಗ್ತೀವಿ ಅಂದಿದ್ದಳಲ್ಲ ಮಹಾರಾಯ್ತಿ — ಅವಳ ಕೈ ಹಿಡಿದು ಸುಜುನೆ, ಸಾಲಿನಲ್ಲಿ ಐದನೆಯವಳು, ಚಿಗುಸಾಳ ಭುಜ ಕುಲುಕುತ್ತಿದೆ, ನಗುತ್ತಿದ್ದಾಳೆ, ನಗಲಿ, ಮನೆಗೆ ಹೋಗಿ ನೋಡಿಕೊಳ್ಳೋಣ. ಬೆವರಿಗೆ ಪಟ್ಟಿಯ ಮೂಲೆ ಎದ್ದಿದೆ, ಬಗ್ಗಿದಾಗಲೆಲ್ಲ ಮುಖವಾಡಕ್ಕೂ ಕೊರಳಪಟ್ಟಿಗೂ ನಡುವೆ ಇಣುಕುತ್ತಿರಬೇಕು, ಕರ್ಪೂರದ ಘಾಟು ಇವನ ಮೂಗಿಗೇ ಹೊಡೆಯುತ್ತಿದೆ, ಮೊದಲ ಹುಡುಗಿ ಕೈಕುಲುಕಿ, ನಮ್ಮಜ್ಜನ ವಾಸನೆ, ಅಂದಳು, ಅವಳಮ್ಮ ಮಗಳ ಬಾಯಿ ಮುಚ್ಚಿದಳು, ಇವನು ಗುಂಡಿ ಒತ್ತಿದ, ಪುಸ್, ಎರಡನೆಯವಳಿಗೆ ಪುಸ್, ಮೂರನೆಯವಳಿಗೆ ಅರ್ಧ ಪುಸ್, ನಾಲ್ಕನೆಯವಳಿಗೆ ಬರೀ ಬೆಳಕು, ಪರಿಮಳ ಖಾಲಿ, ಗ್ರಹಚಾರ, ಹೆದರಿಕೆಯಾಯಿತು, ಹಿಂದೊಮ್ಮೆ ವೇದಿಕೆಯ ಕುಸ್ತಿಯಲ್ಲಿ ಪಕ್ಕೆಲುಬು ಮುರಿದಾಗಲೂ ಆಗದಷ್ಟು, ಮಗಳ ವೀರೆ ಇವತ್ತು ಸಾಯುತ್ತಾಳೆ, ಅದೂ ಅಪ್ಪನ ವಾಸನೆಯಿಂದ — ಬಂದಳು, ಮಂಡಿಯೂರಿದ, ಕೈ ಕೊಟ್ಟ, ಅವಳಿಗೆ ಕೈ ಬೇಡ, ಕುತ್ತಿಗೆಯನ್ನೇ ತಬ್ಬಿದಳು, ಮೂಗು ಮುಖವಾಡದ ಪಕ್ಕದಲ್ಲಿ, ಒಂದು ಸಲ ಮೂಸಿದಳು, ಇನ್ನೊಂದು ಸಲ, ಬೆರಳು ಹಿಂದೆ ಹರಿದು ಎದ್ದ ಮೂಲೆಗೆ ತಾಗಿ ನಿಂತಿತು. ತಟ್ಟಿದಳು, ಎರಡು ಸಲ. ನೋವೇ ನೋವೇ ಹಾರಿಹೋಗು, ಇವನೊಬ್ಬನಿಗೇ ಕೇಳುವಂತೆ. ಆಮೇಲೆ ತಿರುಗಿ, ತಾರಸಿಗೆಲ್ಲ ಕೇಳುವಂತೆ, ಅಮ್ಮಾ, ವೀರೆ ಕಿತ್ತಳೆ ಹಣ್ಣಿನ ಥರಾನೇ ಘಮಘಮ ಅಂತಾಳೆ — ಮೈಕಿನಾಕೆ, ಮುಂದಿನವ್ರು ಬನ್ನಿ ಅನ್ನುತ್ತಿದ್ದಾಳೆ, ಯಾರದೋ ಕೈ ಎದುರಿಗೆ ಚಾಚಿದೆ, ಏಳಬೇಕು, ಮೂಗಿನ ಹನಿ ಬಿತ್ತು, ಕಣ್ಣಿನದೋ ಏನೋ, ಏಳಬೇಕು, ಕತ್ತಿನ ಹಿಂದೆ ಸೊಟ್ಟ ಪಟ್ಟಿ, ಪಟ್ಟಿಯ ಮೇಲೆ ಪುಟ್ಟ ಅಂಗೈ, ಎರಡು ಸಲ, ಪುಟ್ಟ ಅಂಗೈ