ಹದಿನೆಂಟನೆಯ ರೊಟ್ಟಿ

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತೇನೆ, ಸುಂಯ್ ಎಂದು ಆವಿ ಏಳುತ್ತದೆ, ಇದು ಏಳನೆಯದು, ಮಾತಾಡಬಾರದು, ಬಾಯಿಬಿಟ್ಟರೆ ಎಣಿಕೆ ತಪ್ಪುತ್ತದೆ, ಏಳು ಅಂದರೆ ಹದಿನಾಲ್ಕು ಮಿನಿಟು, ಸಾಲಿಯ ಹನ್ನೊಂದರ ಗಂಟೆ ಬಾರಿಸಿದಾಗ ಮೊದಲನೆಯದನ್ನು ತಟ್ಟಲು ಕೂತೆ, ಅದೇ ಹೊತ್ತಿಗೆ ಬೆಳಗಾವಿಯಲ್ಲಿ ವಿಮಾನ ನೆಲ ಬಿಟ್ಟಿರಬೇಕು, ಒಳಗೆ ನಮ್ಮನೆಯವರು — ಇಂಜಿನು ಒರೆಸುವ ಕೆಲಸದವರನ್ನು ಕೂಡ್ರಿಸಿಕೊಳ್ಳುತ್ತಾರೆಯೇ, ಈ ಸಲ ಕೂಡ್ರಿಸಿಕೊಂಡಿದ್ದಾರಂತೆ, ಕಾಗದ ಬಂದಿದೆ, ಬೆಳಗಾವಿಯಿಂದ ಸೊಲ್ಲಾಪುರಕ್ಕೆ ನೂರೈವತ್ತು ಮೈಲು, ಒಂದೇ ತಾಸು, ಸೋಮವಾರ ಹನ್ನೊಂದಕ್ಕ ಬಿಡ್ತೇವಿ, ತೊಂಬತ್ತು ಮೈಲಿಗೆ ನಮ್ಮ ಬಿಳೂರು, ಊರ ಮ್ಯಾಲೇ ಹಾಯ್ತೇವಿ, ಅವ್ವಗ ಮಾಳಿಗಿ ಮ್ಯಾಲ ನಿಲ್ಲಾಕ ಹೇಳು. ಒಂದು ತಾಸು! ಸೊಲ್ಲಾಪುರಕ್ಕೆ ನಾವು ಹೋದಾಗ ಎರಡು ದಿನದ ಬುತ್ತಿ ಕಟ್ಟಿದ್ದೆವು, ಮೊಸರನ್ನದ ಗಂಟು ದಾರಿಯಲ್ಲೇ ಹುಳಿ ಬಂದಿತ್ತು. ಎಂಟು. ಎಷ್ಟೊತ್ತಿಗೆ ಹಾಯುತ್ತಾರೆಂದು ಮಾತ್ರ ಬರೆದಿಲ್ಲ, ಅತ್ತೆ ನಸುಕಿನಿಂದಲೇ ಮಾಳಿಗೆ ಹತ್ತಿ ನಿಲ್ಲುತ್ತೇನೆಂದು ಹಟ ಹಿಡಿದಿದ್ದರು, ಮಗನನ್ನು ಕಂಡು ವರ್ಷವಾಯಿತು, ಆದರೆ ಮೊಣಕಾಲು ಬಾತಿವೆ, ಈ ಬಿಸಿಲು ಬೇರೆ, ಅದಕ್ಕೇ ನಾನು ಇದ್ದಿಲು ತಗೊಂಡು ಗೋಡೆಯ ಮೇಲೆ ಲೆಕ್ಕ ಮಾಡಿದೆ, ಮೂವತ್ತಾರು ಮಿನಿಟು. ಸಾಲ್ಯಾಗ ನಾಕನೇ ಇಯತ್ತೆ ಕಲ್ತಾಕಿ ಇಮಾನದ ಲೆಕ್ಕಾ ಮಾಡ್ತಾಳಂತ, ಮಗ್ಗಲು ಮನೆಯ ಗುರವ್ವ ನಕ್ಕಳು, ಅತ್ತೆ ನಗಲಿಲ್ಲ, ಹದಿನೆಂಟ ರೊಟ್ಟಿ ಆದಕೂಡ್ಲೆ ಕರೀವಾ ಅಂದರು, ಅಷ್ಟೇ, ನನ್ನ ಮೇಲೆ ಭಾರ ಹಾಕಿ ಕೂತುಬಿಟ್ಟರು. ಗಡಿಯಾರ ಈ ಮನೆಯಲ್ಲೆಲ್ಲಿದೆ, ರಜೆಗೆ ಬಂದಾಗ ಅವರ ಕೈಯಲ್ಲಿತ್ತು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತ, ಎರಡ ಮಿನಿಟಿಗೊಂದು, ಏನ ಹುಡುಗಿ, ಮಶೀನ ಅದೀ ನೀ — ಕಿವಿ ಬಿಸಿಯಾಗಿತ್ತು, ಈಗಲೂ ಆಗುತ್ತಿದೆ, ಒಲೆಯ ಕಾವು ಅನ್ನಬೇಕು ಯಾರಾದರೂ ಕೇಳಿದರೆ. ಹನ್ನೆರಡು. ಹದಿಮೂರನೆಯದು ಎತ್ತುವಾಗ ಹರಿಯಿತು, ಮುದ್ದೆ ಮಾಡಿ ಮತ್ತೆ ತಟ್ಟಿದೆ, ಇದನ್ನು ಒಂದು ಎನ್ನಲೋ ಎರಡು ಎನ್ನಲೋ, ಹೊತ್ತಂತೂ ಹೋಯಿತು, ಬುಟ್ಟಿಯನ್ನು ನೋಡಿಕೊಳ್ಳೋಣವೆಂದರೆ ಗುರವ್ವ ಬಂದು, ಬಿಸೇದೈತಿ, ಒಂದ ತಿಂತೀನವಾ, ಅಂತ ಒಂದು ಎತ್ತಿಕೊಂಡಳೋ ಎರಡೋ, ನಾನು ಬೆನ್ನು ತಿರುಗಿಸಿದ್ದೆ. ಹದಿನಾರು, ಅಲ್ಲ, ಹದಿನೇಳು. ತಪ್ಪಿದರೆ ಓಣಿಯೆಲ್ಲ ನಗುತ್ತದೆ, ನಗಲಿ, ಆದರೆ ಅತ್ತೆ ಕೆಳಗೇ ಕೂತಿರುವಾಗ ಅದು ಮೇಲೆ ಹಾದುಹೋದರೆ? ಆದವೇನವಾ ಹದಿನೆಂಟ? ಹೂನ್ರಿ, ಆದ್ವ್ರಿ, ಹತ್ರಿ ಲಗೂನ, ಅಂದುಬಿಟ್ಟೆ, ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ನಿಚ್ಚಣಿಕೆಯ ಒಂದೊಂದೇ ಮೆಟ್ಟಿಲಿಗೆ ಶಿವಾ ಶಿವಾ ಎನ್ನುತ್ತ ಹತ್ತಿದರು, ಹಿಂದೆ ಗುರವ್ವ, ಹಂಚಿನ ಮೇಲೆ ಒಂದು ಕರಕಾಗುತ್ತಿದೆ, ಆಗಲಿ, ನಾನೂ ನಿಚ್ಚಣಿಕೆಗೆ ಕೈ ಹಚ್ಚಿದೆ, ಮೇಲೆ ಸದ್ದಿಲ್ಲ, ಎಲ್ಲೈತವಾ ನಿನ್ನ ಇಮಾನ, ಹದ್ದೂ ಇಲ್ಲ ಇಲ್ಲಿ, ಗುರವ್ವನ ದನಿ, ಹಿಟ್ಟಿನ ಕೈ ಬೆವೆತು ಮೆಟ್ಟಿಲಿಗೆ ಅಂಟುತ್ತಿದೆ, ಇನ್ನೊಂದು ರೊಟ್ಟಿಯಷ್ಟು ಹೊತ್ತು, ಶಿವನೇ, ಇನ್ನೊಂದೇ — ಆಮೇಲೆ ಜೇನು ಎದ್ದಂತೆ ಎಲ್ಲೋ ದೂರದಲ್ಲಿ ಗುಂಯ್, ದಕ್ಷಿಣದಿಂದ, ಅದೇ, ಅದೇ, ಬಂತು, ಲೆಕ್ಕ ತಪ್ಪಿಲ್ಲ, ಎದೆಯೊಳಗೂ ಗುಂಯ್, ಬಂತವಾ ಬಂತು, ಮುರಗೆಪ್ಪಾ, ಏ ಮುರಗೆಪ್ಪಾ, ಆಚೆ ಹೊಲದಲ್ಲಿರುವವನನ್ನು ಊಟಕ್ಕೆ ಕರೆದಂತೆ ಅತ್ತೆ ಕೂಗುತ್ತಿದ್ದಾರೆ, ಮಾಳಿಗೆಯ ಚೌಕದ ಬಾಯಿ ತುಂಬ ಅವರ ಸೀರೆ, ಅದರಾಚೆ ಅಂಗೈಯಗಲ ಆಕಾಶ, ಆಕಾಶದಲ್ಲಿ ಅವರ ಎತ್ತಿದ ಕೈ, ಹಸಿರು ಬಳೆ ಜಾರಿ ಮೊಣಕೈಗೆ ಬಂದಿದೆ, ಬೀಸುತ್ತಿದ್ದಾರೆ, ಆ ಕೈ, ಆ ಕೈಯೊಂದೇ ಕಾಣುತ್ತಿದೆ, ಅತ್ತೀ, ಸ್ವಲ್ಪ ಸರೀರಿ, ನನಗೂ ಕಾಣ್ಲಿ.