ದೀಪದ ಗೂಡಿನ ಮಸಿ

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಾನು ಅರ್ಧ ಕೊಡ. ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಬೇರೆ. ಓದಿದ್ದನ್ನು ಯಾರಿಗಾದರೂ ಹೇಳದೆ ಹೋದರೆ ಉಂಡ ಅನ್ನ ಅರಗುವುದಿಲ್ಲ.

ಹೆಮ್ಮರಗಾಲದಲ್ಲಿ ನನ್ನ ಅಕ್ಕ ಚನ್ನಾಜಮ್ಮನ ಮನೆ. ಭಾವ ಗುರುಮಲ್ಲಪ್ಪನವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಮೂರು ವರ್ಷವಾಗಿತ್ತು. ಮೊದಲು ನಡುಗಿದ್ದೇ ಎಡಗೈ. ನಮ್ಮವರಿಗೆ ಎಡ ಅಂಗೈಯೇ ದೇವರ ಮನೆ. ಇಷ್ಟಲಿಂಗವನ್ನು ಅಲ್ಲಿಟ್ಟು ಪೂಜಿಸದೆ ಭಾವ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಡಾಕ್ಟರ ಮಾತ್ರೆಯಿಂದ ನಡುಕ ಸ್ವಲ್ಪ ಹತೋಟಿಯಲ್ಲಿತ್ತು, ಹೊಟ್ಟೆ ಮಾತ್ರ ತೊಳಸುತ್ತಿತ್ತು. ಲಿಂಗ ಎಲ್ಲಿ ಜಾರಿಬಿಡುತ್ತದೋ ಎಂದು ಅಕ್ಕ ತನ್ನೆರಡು ಕೈಯನ್ನೂ ಅವರ ಅಂಗೈ ಕೆಳಗೆ ಚಾಚಿಕೊಂಡೇ ಕೂರುತ್ತಿದ್ದಳು.

"ಸಾಯಾಕೆ ಎದ್ರಿಕೆ ಇಲ್ಲ ಕಣ್ ಮೇಷ್ಟ್ರೇ," ಎನ್ನುತ್ತಿದ್ದರು ಭಾವ. "ಲಿಂಗ ಕೈ ಜಾರ್ದಂಗೆ ಓಗ್ಬುಟ್ರೆ ಸಾಕು."

ಎರಡು ಸಾವಿರದ ಇಸವಿ, ಮಾರ್ಚ್ ತಿಂಗಳು. ಒಂದು ಭಾನುವಾರ ವಿಜ್ಞಾನ ಪತ್ರಿಕೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ನರಕೋಶಗಳನ್ನು ತುಕ್ಕಿನ ಹಾಗೆ ತಿನ್ನುವ ಕಣಗಳಿವೆಯಂತೆ, ಇಂಗಾಲದ ಅತಿ ಸಣ್ಣ ಚೆಂಡುಗಳು ಅವನ್ನು ಹೀರಿಕೊಳ್ಳುತ್ತವಂತೆ, ನರರೋಗದ ಇಲಿಗಳು ಅದರಿಂದ ಕೆಲವು ದಿನ ಹೆಚ್ಚು ಬದುಕಿದವಂತೆ ಎಂದು ಓದಿ ಹೇಳಿದೆ. ಭಾವನ ಮುಖ ಅರಳಿತು.

"ಇಂಗಾಲ ಅಂದ್ರೆ ಇದ್ಲು ತಾನೆ? ಎಲ್ಲಿ ಸಿಕ್ತದೆ ಅದು?"

"ಮಸೀಲೇ ಇರ್ತದೆ ಭಾವ! ನಿಮ್ ದೀಪದ ಗೂಡಲ್ಲೂ ಇದ್ದೀತು," ಎಂದು ನಕ್ಕೆ.

ಅದನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಬೇಕು, ನೀರಿನಲ್ಲಿ ಕರಗುವಂತೆ ಮಾಡಬೇಕು, ಮನುಷ್ಯರಿಗೆ ಇನ್ನೂ ಔಷಧಿಯಾಗಿ ಬಂದೇ ಇಲ್ಲ ಎಂದೂ ಹೇಳಬೇಕಿತ್ತು. ಬಸ್ಸಿನ ಹಾರನ್ ಕೇಳಿಸಿತು, ಎದ್ದು ಓಡಿದೆ.

ಆಮೇಲೆ ಪರೀಕ್ಷೆ, ಪೇಪರು ತಿದ್ದುವ ಕೆಲಸ. ಐದು ವಾರ ಆ ಕಡೆ ತಲೆ ಹಾಕಲಿಲ್ಲ. ಹೋದಾಗ ಭಾವ ಕೊರಡಿನ ಹಾಗೆ ಸೆಟೆದು ಮಲಗಿದ್ದರು. ನುಂಗಲಾರದೆ ಗಂಜಿ ಶ್ವಾಸಕೋಶಕ್ಕೆ ಇಳಿದು ಜ್ವರ ಸುಡುತ್ತಿತ್ತು. ದೀಪದ ಗೂಡಿನ ಕಡೆ ನೋಡಿದೆ. ವರ್ಷಗಟ್ಟಲೆ ಕಪ್ಪಗಿದ್ದದ್ದು ಗಾರೆ ಕಾಣುವಷ್ಟು ಬೆಳ್ಳಗಾಗಿತ್ತು.

"ದಿನಾ ಕೆರ್ದು ಲಿಂಗದ ತೀರ್ಥದಲ್ಲಿ ಕಲ್ಸಿ ಕೊಟ್ಟೆ ಕಣಪ್ಪ," ಅಂದಳು ಅಕ್ಕ. "ಮಾತ್ರೆ ತಿಂದ್ರೆ ವಾಂತಿ ಬತ್ತದೆ, ಇನ್ ಅದ್ಯಾಕೆ ಅಂತ ಅವ್ರೇ ಬುಟ್ಬುಟ್ರು. ಇನ್ನೂ ಎಷ್ಟ್ ದಿನ ಕೊಡ್ಬೇಕು?"

ಆ ಪ್ರಶ್ನೆಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾತ್ರೆ ಬಿಟ್ಟಿದ್ದೇ ಹೀಗೆ ಮಾಡಿತು ಎನ್ನಲು ಈ ವಾಚಾಳಿಗೆ ನಾಲಿಗೆ ಏಳಲಿಲ್ಲ. ಮೈಸೂರಿಗೆ ಕರೆದೊಯ್ದೆವು. ಮೂರನೆಯ ದಿನ ಭಾವ ಹೋದರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯೊಳಗೆ ಮಠದ ಅಯ್ಯನವರು ಭಾವನ ಎಡ ಅಂಗೈ ಬಿಡಿಸಿ ಲಿಂಗ ಇಟ್ಟರು. ಅಂಚಿನಲ್ಲಿ ಕುಕ್ಕರಿಸಿದ್ದ ಅಕ್ಕ ಎಂದಿನ ಹಾಗೆ ತನ್ನೆರಡು ಕೈಯನ್ನೂ ಮುಂದೆ ಚಾಚಿದ್ದಳು. ಸ್ವಲ್ಪ ಹೊತ್ತು ನೋಡಿ, ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು.

"ನೋಡೋ ಅಮೃತೇಶ, ಕೈ ಎಂಗೆ ನಿಂತದೆ," ಅಂದಳು. "ನಿನ್ ಔಸ್ದಿ ಕೊನೆಗೂ ಇಡೀತು ಕಣಪ್ಪ."

ನಾನು ಹೂಂ ಅಂದೆ. ಇವತ್ತಿನವರೆಗೂ ಅವಳಿಗೆ ಬೇರೇನೂ ಹೇಳಿಲ್ಲ.