ಗಾಜಿನ ಹಿಂದಿನ ಮುತ್ತಜ್ಜ

ಮ್ಯೂಸಿಯಂ ಬಾಗಿಲು ತೆರೆಯುವುದು ಹತ್ತಕ್ಕೆ. ಕಸ ಗುಡಿಸುವ ನಾವು ನಾಲ್ವರು ಹೆಂಗಸರು ಆರಕ್ಕೇ ಹಾಜರು. ಫಿನಾಯಿಲ್ ನೀರಿನಲ್ಲಿ ಕೈ ಅದ್ದಿ ಅದ್ದಿ ನನ್ನ ಬೆರಳ ಸಂದಿಯೆಲ್ಲ ಬಿರಿದಿದೆ. ಆದರೂ ಮೂರನೇ ಕೋಣೆಯ ಗಾಜನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅದರ ಹಿಂದೆ ನಮ್ಮ ಮುತ್ತಜ್ಜನ ಫೋಟೋ ಇದೆ.

ಪರದೇಶದವರು ನಮ್ಮನ್ನು ಆಳುತ್ತಿದ್ದ ಕಾಲದ ಫೋಟೋ ಅದು. ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮಜ್ಜಿ ಅದನ್ನು ನೋಡಿ, "ಇವರೇ ಕಣೇ ನಮ್ಮ ಮಾವ! ಬಾವಿ ತೋಡುವಾಗ ಕಲ್ಲು ಬಿದ್ದ ಗುರುತು ನೋಡು ಹಣೆ ಮೇಲೆ" ಎಂದು ಅತ್ತಿದ್ದಳು. ಅಂದಿನಿಂದ ಹನ್ನೊಂದು ವರ್ಷ, ದಿನಾ ಮೊದಲು ಮುತ್ತಜ್ಜನ ಮುಖದ ಮೇಲಿನ ಗಾಜು ಒರೆಸುತ್ತಿದ್ದೆ, ಆಮೇಲೆ ಅವರ ಕೈಯ ಚೂರಿಯ ಹತ್ತಿರ. ಕೊನೆಗೆ ಕೆಳಗಿನ ಹಿತ್ತಾಳೆ ಹಲಗೆಯನ್ನು ಉಜ್ಜಿ ಥಳಥಳ ಹೊಳೆಸುತ್ತಿದ್ದೆ. ನನಗೆ ಓದು ಬಾರದು. ಹಲಗೆಯ ಮೇಲಿದ್ದುದು ಆ ಆಳಿದವರ ಭಾಷೆ. ಮುತ್ತಜ್ಜನ ಹೆಸರೇ ಬರೆದಿರಬೇಕು ಎಂದುಕೊಂಡಿದ್ದೆ.

ಏಳನೇ ಕ್ಲಾಸಿನ ನನ್ನ ಮಗಳನ್ನು ಸ್ಕೂಲಿನವರು ಮ್ಯೂಸಿಯಂಗೆ ಕರೆತಂದರು. ತಪ್ಪು ನನ್ನದೇ. "ಎಲ್ಲರಿಗೂ ತೋರಿಸೇ, ನಮ್ಮ ಮುತ್ತಜ್ಜ ಅಂತ ಹೇಳು" ಎಂದಿದ್ದೆ. ಅವಳು ಕೋಣೆ ತುಂಬ ಕೇಳುವ ಹಾಗೆ ಕೂಗಿ ಹೇಳಿದಳು. ಟೀಚರ್ ಹಲಗೆ ಓದಿ ಅರ್ಥ ಹೇಳಿದರು: "ಕಳ್ಳರ ಬುಡಕಟ್ಟಿನ ಗಂಡಸು. ಹುಟ್ಟಿನಿಂದಲೇ ದರೋಡೆ ಇವರ ಕಸುಬು."

ಮರುದಿನ ಕ್ಲಾಸಿನಲ್ಲಿ ಯಾರದೋ ಜಾಮಿಟ್ರಿ ಬಾಕ್ಸ್ ಕಾಣಲಿಲ್ಲ. ಮೊದಲು ಸುರಿದದ್ದು ನನ್ನ ಮಗಳ ಬ್ಯಾಗು. ಬಾಕ್ಸ್ ಇನ್ಯಾರದೋ ಬೆಂಚಿನ ಕೆಳಗೆ ಸಿಕ್ಕಿತು. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ.

"ನಾನಿನ್ನು ಸ್ಕೂಲಿಗೆ ಹೋಗಲ್ಲಮ್ಮ" ಎಂದಳು ಮಗಳು. "ಆ ಹಲಗೆನ ದಿನಾ ಹೊಳೆಸಿದ್ದು ನೀನೇ ಅಲ್ವಾ?"

ನೇರ ಮ್ಯೂಸಿಯಂ ಡೈರೆಕ್ಟರ್ ಸಾಹೇಬರ ಬಳಿ ಹೋದೆ.

"ಸಾರ್, ಆ ಹಲಗೆ ತೆಗೆಸಿ."

"ಅದು ಚರಿತ್ರೆ ಕಣಮ್ಮ. ಚರಿತ್ರೆ ತಿದ್ದೋಕಾಗುತ್ತಾ?"

"ಸುಳ್ಳನ್ನಾದ್ರೂ ತಿದ್ದಬಹುದಲ್ವಾ?"

"ಸುಳ್ಳು ಅನ್ನೋಕೆ ಪುರಾವೆ ಏನಿದೆ ನಿನ್ಹತ್ರ?"

"ಬನ್ನಿ, ತೋರಿಸ್ತೀನಿ" ಎಂದು ಮೂರನೇ ಕೋಣೆಗೆ ಕರೆತಂದೆ. "ಇವರು ಬಾವಿ ತೋಡೋರು. ಪಕ್ಕದ ಫೋಟೋದಲ್ಲಿರೋರು ದನ ಕಾಯೋರು. ಆ ಕಡೆ ಫೋಟೋದವರು ಮೀನು ಹಿಡಿಯೋರು. ಮೂರು ಜನರ ಕೈಲೂ ಚೂರಿ ಇದೆ. ಚೂರಿಯ ಹಿಡಿಕೆ ನೋಡಿ ಸಾರ್, ಮೂರರಲ್ಲೂ ಒಂದೇ ಕಡೆ ಚಕ್ಕೆ ಎದ್ದಿದೆ. ಮೂರು ಊರಿನವರು ಸೇರಿ ಒಂದೇ ಚೂರಿ ಇಟ್ಕೊಂಡಿದ್ರಾ? ಫೋಟೋ ತೆಗೆದವನೇ ಕೈಗೆ ಕೊಟ್ಟು ನಿಲ್ಲಿಸಿದ್ದಾನೆ."

ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮೊಬೈಲಿನಲ್ಲಿ ಮೂರೂ ಫೋಟೋ ಹಿಡಿದುಕೊಂಡರು.

"ಹಲಗೆ, ಸಾರ್?"

"ನೋಡೋಣ, ನೋಡೋಣ."

ಎರಡು ತಿಂಗಳ ಮೇಲೆ ಮ್ಯೂಸಿಯಮ್ಮಿನಲ್ಲಿ ಎರಡು ದಿನದ ದೊಡ್ಡ ಸಭೆ. ಆಳಿದವರು ನಮ್ಮನ್ನು ಹೇಗೆ ಚಿತ್ರಿಸಿದರು ಎಂಬುದೇ ವಿಷಯವಂತೆ. ನಾನು ಟೀ ಹಂಚುತ್ತಿದ್ದೆ. ಪರದೆಯ ಮೇಲೆ ಮೂರು ಚೂರಿ ಮೂಡಿದವು. "ನನ್ನ ವರ್ಷಗಳ ಸಂಶೋಧನೆಯಲ್ಲಿ ಇದು ಪತ್ತೆಯಾಯಿತು" ಎಂದರು ಸಾಹೇಬರು. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ, "ಹಲಗೆ ಮಾತ್ರ ಹಾಗೇ ಇರಲಿದೆ. ಅವರ ದಬ್ಬಾಳಿಕೆಗೆ ಅದೇ ಸಾಕ್ಷಿ" ಎಂದರು. ಅದಕ್ಕೂ ಚಪ್ಪಾಳೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮನೆಯಲ್ಲಿ ನನ್ನ ಮಗಳು ಎರಡು ತಿಂಗಳಿಂದ ಪುಸ್ತಕ ಮುಟ್ಟಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಅವಳೆದುರು ಕಾಗದ ಇಟ್ಟೆ. "ಬರಿಯೇ. ನಾನು ಹೇಳ್ತೀನಿ."

ಬೆಳಿಗ್ಗೆ ಅವಳನ್ನೂ ಜೊತೆಗೆ ಕರೆದುಕೊಂಡು ಬಂದು, ಮೈದಾ ಅಂಟಿನಿಂದ ಆ ಕಾಗದವನ್ನು ಹಲಗೆಯ ಮೇಲೇ ಅಂಟಿಸಿದೆ. ಹತ್ತು ಗಂಟೆಗೆ ಸಭೆಯ ಅತಿಥಿಗಳು ಅದರ ಮುಂದೆ ಗುಂಪು ಕಟ್ಟಿದರು. ಒಬ್ಬರು ಗಟ್ಟಿಯಾಗಿ ಓದಿದರು:

"ಇವರು ನಮ್ಮ ಮುತ್ತಜ್ಜ. ಬಾವಿ ತೋಡುತ್ತಿದ್ದರು. ಕೈಯಲ್ಲಿರುವ ಚೂರಿ ಫೋಟೋ ತೆಗೆದವನದು. ಅದನ್ನು ಕಂಡುಹಿಡಿದದ್ದು ಇಲ್ಲಿ ಕಸ ಗುಡಿಸುವ ನಮ್ಮಮ್ಮ."

ಸಾಹೇಬರ ಮುಖ ಕೆಂಪೇರಿತು. "ಏಯ್, ಕಿತ್ತು ಒರೆಸು ಅದನ್ನ!"

"ಹನ್ನೊಂದು ವರ್ಷ ಒರೆಸಿದ್ದು ಸಾಕು ಸಾರ್. ಇದಕ್ಕೆ ಕೈ ಹಚ್ಚಲ್ಲ."

"ನಾಳೆಯಿಂದ ಕೆಲಸಕ್ಕೆ ಬರಬೇಡ ಹಾಗಾದ್ರೆ!" ಎಂದು, ಕಸ ಗುಡಿಸುವ ಉಳಿದ ಮೂವರ ಕಡೆ ತಿರುಗಿ, "ನೀವು ಕೀಳಿ" ಎಂದರು. ನಮ್ಮಲ್ಲಿ ಹಿರಿಯಳು ಸೆರಗಿನೊಳಗೆ ಕೈ ಸೇರಿಸಿ, "ನಂಗೆ ಸೊಂಟ ನೋವು ಸಾರ್" ಎಂದಳು. "ನಮಗೂ" ಎಂದರು ಇನ್ನಿಬ್ಬರು. ಅತಿಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸಾಹೇಬರು ತಾವೇ ಕೀಳಲು ಮುಂದೆ ಬಂದರು. ನನ್ನ ಮಗಳು ನಡುವೆ ಬಂದು ಗಾಜಿಗೆ ಬೆನ್ನು ಕೊಟ್ಟು ನಿಂತಳು.

"ಬರೆದಿದ್ದು ನಾನು ಸಾರ್. ಅಕ್ಷರ ತಪ್ಪಿದ್ರೆ ಹೇಳಿ, ಇಲ್ಲೇ ತಿದ್ತೀನಿ. ವಿಷಯದಲ್ಲಿ ತಪ್ಪಿದ್ರೆ, ಇವರೆಲ್ಲರ ಮುಂದೆ ಹೇಳಿ."